ಬಕೆಟ್ಟಿಗೊಂದು ಉಲ್ಲನ್ ಅಂಗಿ

ನಮ್ಮ ಬಸರೀಕಟ್ಟೆಯ ಕಡೆ ಹೂಕುಂಡವೆಂದರೆ ಕುಂಬಾರನ ಕುಂಡವೇ ಆಗಬೇಕೆಂದಿಲ್ಲ. ಬಣ್ಣ ಖಾಲಿಯಾದ ಬಕೆಟ್ಟು, ಎಣ್ಣೆಯ ಡಬ್ಬ, ಬಾಯಿ ಒಡೆದ ಪ್ಲಾಸ್ಟಿಕ್ ಕೊಡ, ಸಿಮೆಂಟಿನ ಚೀಲ, ಮಣ್ಣು ಹಿಡಿಯುವ ಯಾವುದಾದರೂ ಸರಿ. ಜಗಲಿಯ ಅಂಚಿನಲ್ಲಿ ಇವು ಸಾಲಾಗಿ ಕುಳಿತಿರುತ್ತವೆ. ಮೇಲೆ ನೋಡಿದರೆ ಡೇರೆ, ಆಂಥೂರಿಯಂ, ಬಿಗೋನಿಯ; ಕೆಳಗೆ ನೋಡಿದರೆ ಸುಣ್ಣಬಣ್ಣದ ಕಂಪೆನಿಯ ಜಾಹೀರಾತು. ಹೂವಿಗೆ ಇಷ್ಟು ಮರ್ಯಾದೆ ಕೊಡುವ ಮನೆಯಲ್ಲಿ ಅದರ ಕಾಲಿನ ಕೆಳಗೆ ಇಂಥ ವೇಷ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೇ ಈಗ ಹಲವು ಮನೆಗಳಲ್ಲಿ ಬಕೆಟ್ಟಿಗೆ ಅಂಗಿ ತೊಡಿಸುವ ಹವ್ಯಾಸ ಶುರುವಾಗಿದೆ. ಗೋಣಿಯ ಮೇಲೆ ಉಲ್ಲನ್ ದಾರದ ಕುಚ್ಚು ಎಬ್ಬಿಸಿ ಮಾಡಿದ ಅಂಗಿ. ಟಫ್ಟಿಂಗ್ ಎನ್ನುವುದು ಇದರ ಹೆಸರು.

ಶಾಲೆಯ ಕರಕುಶಲ ಪ್ರದರ್ಶನಕ್ಕೆ ಇಂಥದ್ದೊಂದನ್ನು ತಂದಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: ‘ಸಾರ್, ಇದ್ರಲ್ಲಿ ಒಂದೂ ಗಂಟು ಹಾಕಿಲ್ಲ. ಆದ್ರೂ ದಾರ ಯಾಕೆ ಕಿತ್ತು ಬರಲ್ಲ?’

ಘರ್ಷಣೆಯ ಪಾಠದಲ್ಲಿ ಮೇಜಿನ ಮೇಲೆ ಇಟ್ಟಿಗೆ ಎಳೆಯುವ ಚಿತ್ರಕ್ಕಿಂತ ಇದು ನೂರು ಪಾಲು ಒಳ್ಳೆಯ ಪ್ರಶ್ನೆ. ಗೋಣಿಯ ಎಳೆಗಳ ನಡುವೆ ಸೂಜಿ ನುಗ್ಗಿದಾಗ ಎಳೆಗಳು ಹರಿಯುವುದಿಲ್ಲ, ಪಕ್ಕಕ್ಕೆ ಸರಿಯುತ್ತವೆ. ಸೂಜಿ ಹೊರಬಂದ ಕೂಡಲೇ ಮತ್ತೆ ತಮ್ಮ ಜಾಗಕ್ಕೆ ಬರಲು ಒತ್ತುತ್ತವೆ. ಆ ಜಾಗದಲ್ಲಿ ಈಗ ದಾರ ಕುಳಿತಿದೆ. ಸೆಣಬಿನ ಎಳೆ ಒರಟು, ಉಲ್ಲನ್ ದಾರ ರೋಮಮಯ. ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಒಂದು ಕುಣಿಕೆಯ ಹಿಡಿತ ಬಹಳ ಚಿಕ್ಕದು, ಬೆರಳಿನಿಂದ ಎಳೆದರೆ ಬಂದುಬಿಡುತ್ತದೆ. ಆದರೆ ಪಕ್ಕದಲ್ಲೇ ಇನ್ನೊಂದು ಕುಣಿಕೆ ಹೊಕ್ಕಾಗ ಎಳೆಗಳಿಗೆ ಸರಿಯಲು ಜಾಗ ಕಡಿಮೆಯಾಗಿ ಮೊದಲಿನದರ ಹಿಡಿತವೂ ಬಿಗಿಯಾಗುತ್ತದೆ. ಸಂತೆಯ ದಿನದ ಬಸ್ಸಿನಲ್ಲಿ ನಿಂತವರು ಬೀಳದೆ ಇರುವುದೂ ಇದೇ ಲೆಕ್ಕದಲ್ಲಿ.

ಟಫ್ಟಿಂಗ್‌ಗೂ ಗಂಟಿನ ರತ್ನಗಂಬಳಿಗೂ ವ್ಯತ್ಯಾಸ ಇಲ್ಲೇ ಇದೆ. 1960ರ ಆಚೀಚೆ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರು ನೇಯುವ ಕಂಬಳಿಗಳನ್ನು ನೀವು ನೋಡಿರಬಹುದು. ಅವರು ಮಗ್ಗದ ಮೇಲೆ ಹಾಸುನೂಲಿಗೆ ದಾರ ಸುತ್ತಿ, ಅದನ್ನು ಒಂದು ಕಡ್ಡಿಯ ಮೇಲೆ ಹಾಯಿಸಿ, ಸಾಲು ಮುಗಿದ ಮೇಲೆ ಕಡ್ಡಿಯ ಉದ್ದಕ್ಕೂ ಕುಯ್ಯುತ್ತಾರೆ. ನೇಯ್ಗೆ ಮತ್ತು ಕುಚ್ಚು ಒಟ್ಟೊಟ್ಟಿಗೆ ಹುಟ್ಟುತ್ತವೆ. ನವಲಗುಂದದ ಜಮಖಾನೆಯಲ್ಲಾದರೆ ಕುಚ್ಚೇ ಇಲ್ಲ, ಬರಿಯ ನೇಯ್ಗೆ. ಟಫ್ಟಿಂಗ್‌ನಲ್ಲಿ ಮೊದಲೇ ನೇಯ್ದ ಬಟ್ಟೆಗೆ ಆಮೇಲೆ ಕುಚ್ಚು ನೆಡುವುದು. ಒಂದು ಬಗೆಯಲ್ಲಿ ಸಸಿ ನಾಟಿಯೇ.

ಈ ಸುಲಭದ ಉಪಾಯದಿಂದ ಅಮೆರಿಕದಲ್ಲಿ ಒಂದು ಊರೇ ಬೆಳೆಯಿತು. ಜಾರ್ಜಿಯಾ ರಾಜ್ಯದ ಡಾಲ್ಟನ್ ಬಳಿಯ ಹಳ್ಳಿಯ ಹುಡುಗಿ ಕ್ಯಾಥರೀನ್ ಇವಾನ್ಸ್ 1895ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಹತ್ತಿಯ ಬಟ್ಟೆಯ ಮೇಲೆ ದಪ್ಪ ನೂಲಿನ ಹೊಲಿಗೆ ಹಾಕಿ, ಹೊಲಿಗೆಯನ್ನು ಕತ್ತರಿಸಿ ಕುಚ್ಚು ಎಬ್ಬಿಸಿದ ಹಾಸಿಗೆ ಹೊದಿಕೆ ಮಾಡಿದಳು. 1900ರಲ್ಲಿ ಒಂದನ್ನು ಎರಡೂವರೆ ಡಾಲರಿಗೆ ಮಾರಿದಳು. ಆಮೇಲೆ ಸುತ್ತಲಿನ ಹೆಂಗಸರೆಲ್ಲ ಮನೆಯಲ್ಲೇ ಕುಳಿತು ಹೊಲಿದರು, ಯಂತ್ರ ಬಂದಿತು, ಡಾಲ್ಟನ್ ಕಾರ್ಪೆಟ್ಟಿನ ರಾಜಧಾನಿ ಎನ್ನಿಸಿಕೊಂಡಿತು. ಆಕೆ ಗಂಟು ಹಾಕುತ್ತಿರಲಿಲ್ಲ. ಹೊಲಿದು ಮುಗಿಸಿದ ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಅಷ್ಟೇ. ಹತ್ತಿಯ ಬಟ್ಟೆ ಕುಗ್ಗಿ ಕುಚ್ಚುಗಳನ್ನು ಬಿಗಿಹಿಡಿಯುತ್ತಿತ್ತು.

ಈಗ ನಮ್ಮ ಗೋಣಿಗೆ ಬರೋಣ. ಮೊಬೈಲಿನಲ್ಲಿ ತೋರಿಸುವ ವಿದ್ಯುತ್ ಬಂದೂಕಿಗೆ ಸಾವಿರಾರು ರೂಪಾಯಿ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಇರುವ ಗಳಿಗೆ ನೋಡಿಕೊಂಡು ಹವ್ಯಾಸ ಇಟ್ಟುಕೊಳ್ಳುವುದೂ ಕಷ್ಟ. ಅಡಿಕೆ ಚೀಲದ ಬಾಯಿ ಹೊಲಿಯುವ ದಬ್ಬಣ ಎಲ್ಲರ ಮನೆಯಲ್ಲಿದೆ, ಅದು ಸಾಕು. ನಾಲ್ಕು ರೀಪು ಸೇರಿಸಿ ಚೌಕಟ್ಟು ಮಾಡಿ, ಒಗೆದು ಒಣಗಿಸಿದ ಗೋಣಿಯನ್ನು ಮೊಳೆ ಹೊಡೆದು ಬಿಗಿಯಿರಿ. ಬೆರಳಿನಿಂದ ತಟ್ಟಿದರೆ ಮದ್ದಳೆಯ ಹಾಗೆ ಶಬ್ದ ಬರಬೇಕು. ಸಡಿಲವಾಗಿದ್ದರೆ ಎಳೆಗಳು ಒತ್ತುವುದಿಲ್ಲ. ಒಗೆಯುವುದು ಯಾಕೆಂದರೆ ಗಿರಣಿಯಲ್ಲಿ ಸೆಣಬನ್ನು ಮೆದುಮಾಡಲು ಎಣ್ಣೆ ಹಾಕಿರುತ್ತಾರೆ. ಹೊಸ ಗೋಣಿಯ ಆ ವಾಸನೆ ಬಹುಪಾಲು ಅದರದೇ. ದಬ್ಬಣಕ್ಕೆ ದಾರ ಪೋಣಿಸಿ ಕೆಳಗಿನಿಂದ ಮೇಲಕ್ಕೆ ತಂದು, ಗೋಣಿಯ ಮೇಲೆ ಒಂದು ಪೆನ್ಸಿಲ್ ಇಟ್ಟು, ದಾರವನ್ನು ಅದರ ಮೇಲೆ ಹಾಯಿಸಿ, ಅರ್ಧ ಸೆಂಟಿಮೀಟರ್ ಆಚೆ ಕೆಳಕ್ಕೆ ಇಳಿಸಿ. ಹೀಗೆ ಒಂದು ಸಾಲು ಮುಗಿದ ಮೇಲೆ ಪೆನ್ಸಿಲ್ ಎಳೆದುಕೊಳ್ಳಿ. ಎಲ್ಲ ಕುಣಿಕೆಗಳೂ ಒಂದೇ ಎತ್ತರ.

ಪ್ಲಾಸ್ಟಿಕ್ಕಿನ ಗೊಬ್ಬರ ಚೀಲದಲ್ಲಿ ಇದನ್ನು ಮಾಡಲು ಹೋಗಬೇಡಿ. ಅದರ ಪಟ್ಟಿಗಳು ನುಣುಪು. ಸರಿದ ಪಟ್ಟಿ ವಾಪಸ್ಸು ಬರುವುದೂ ಇಲ್ಲ, ದಾರವನ್ನು ಕಚ್ಚುವುದೂ ಇಲ್ಲ.

ಅಳತೆಯ ವಿಚಾರ ಸ್ವಲ್ಪ ಲೆಕ್ಕ ಬೇಡುತ್ತದೆ. ನಾನು ಅಳೆದ ಹತ್ತು ಲೀಟರಿನ ಬಕೆಟ್ಟಿನ ಬಾಯಿಯ ವ್ಯಾಸ 26 ಸೆಂಟಿಮೀಟರ್, ತಳದ್ದು 22. ಸುತ್ತಳತೆ ಮೇಲೆ ಸುಮಾರು 82, ಕೆಳಗೆ 69. ಆಯತಾಕಾರದ ಬಟ್ಟೆ ಸುತ್ತಿದರೆ ಕೆಳಗೆ ಲಂಗದ ಹಾಗೆ ಜೋಲುತ್ತದೆ. ಹತ್ತನೆಯ ತರಗತಿಯ ಶಂಕುವಿನ ಭಿನ್ನಕದ ಲೆಕ್ಕ ನೆನಪಿರುವವರು ಕಮಾನಿನಂತೆ ಕತ್ತರಿಸಲಿ. ಉಳಿದವರು ಕೆಳ ಅಂಚಿನಲ್ಲಿ ಐದು ಕಡೆ ಎರಡೂವರೆ ಸೆಂಟಿಮೀಟರ್ ಅಗಲದ ತ್ರಿಕೋನ ಗುರುತು ಮಾಡಿ, ಅಲ್ಲಿ ಕುಚ್ಚು ಹಾಕದೆ ಬಿಟ್ಟು, ಕೊನೆಗೆ ಮಡಿಸಿ ಹೊಲಿದರಾಯಿತು. ದರ್ಜಿಗಳು ರವಿಕೆಗೆ ಮಾಡುವುದೂ ಅದನ್ನೇ.

ಇಡೀ ಮೈಗೆ ಕುಚ್ಚು ಹಾಕುವುದಾದರೆ ಸುಮಾರು ಐದು ಸಾವಿರ ಕುಣಿಕೆ ಬೇಕು. ಒಂದಕ್ಕೆ ಎರಡೂವರೆ ಸೆಂಟಿಮೀಟರ್ ಹಿಡಿದರೆ 125 ಮೀಟರ್ ದಾರ. ನಿಮಿಷಕ್ಕೆ ಹತ್ತರಂತೆ ಹಾಕಿದರೂ ಎಂಟು ಗಂಟೆಗೂ ಹೆಚ್ಚಿನ ಕೆಲಸ. ಸ್ತ್ರೀಶಕ್ತಿ ಸಂಘದ ಹೆಂಗಸರೊಬ್ಬರು ‘ಮೇಷ್ಟ್ರೇ, ಇದನ್ನು ಮಾಡಿ ಮಾರಿದ್ರೆ ಗಿಟ್ಟುತ್ತಾ?’ ಎಂದು ಕೇಳಿದಾಗ ನಾನು ಮುಂದಿಟ್ಟದ್ದು ಈ ಎಂಟು ಗಂಟೆಯ ಲೆಕ್ಕವನ್ನೇ. ತೋಟದ ಕೆಲಸದ ಒಂದು ದಿನದ ಕೂಲಿ ಎಷ್ಟೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬರಿಯ ಅಂಚು ಮತ್ತು ಚಿತ್ರಕ್ಕೆ ಮಾತ್ರ ಕುಚ್ಚು ಹಾಕಿ ಉಳಿದ ಗೋಣಿಯನ್ನು ಹಾಗೇ ಬಿಟ್ಟರೆ ಕೆಲಸ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ. ಮೈತುಂಬ ಕುಚ್ಚಿರುವ ಬಕೆಟ್ಟು ಚಳಿಗೆ ಮುದುಡಿದ ಕರಡಿಮರಿಯಂತೆ ಕಾಣುತ್ತದೆ.

ಚಿತ್ರಕ್ಕೆ ಗುಲಾಬಿ, ಬೆಕ್ಕು, ಇಂಗ್ಲಿಷ್ ಅಕ್ಷರ ಹುಡುಕಬೇಕಾಗಿಲ್ಲ. ಗೋಣಿ ತಾನೇ ಚುಕ್ಕಿಗಳ ಹಾಳೆ. ರಂಗೋಲಿ ಸಲೀಸಾಗಿ ಬರುತ್ತದೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರ ಹಸೆ ಚಿತ್ತಾರದ ನೇರ ಗೆರೆ, ತ್ರಿಕೋನಗಳಂತೂ ಇದಕ್ಕೆಂದೇ ಹುಟ್ಟಿದ ಹಾಗಿವೆ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಎಂಬ ಅದರ ನಾಲ್ಕೇ ಬಣ್ಣಗಳಲ್ಲಿ ಕೆಲಸ ಮುಗಿಯುತ್ತದೆ. ದಬ್ಬಣದಲ್ಲಿ ಮುಂಭಾಗದಿಂದಲೇ ಹೊಲಿಯುವುದರಿಂದ ಚಿತ್ರ ಇದ್ದ ಹಾಗೆ ಬರುತ್ತದೆ. ಟೊಳ್ಳುಸೂಜಿ ಅಥವಾ ಬಂದೂಕು ಬಳಸುವವರು ಹಿಂಭಾಗದಿಂದ ಚುಚ್ಚುತ್ತಾರೆ. ಅವರು ಹೆಸರು ಬರೆಯುವಾಗ ಕನ್ನಡಿಯ ಬಿಂಬದಂತೆ ತಿರುಗಿಸಿ ಬರೆಯಬೇಕು.

ದಾರ ಯಾವುದು? ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಾಗಿ ಉಣ್ಣೆಯಲ್ಲ, ಅಕ್ರಿಲಿಕ್. ಬೆರಳುದ್ದದ ಚೂರನ್ನು ಚಿಮುಟದಲ್ಲಿ ಹಿಡಿದು ಅಂಗಳದಲ್ಲಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ, ಕಪ್ಪು ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಅದರ ಹೊಗೆ ಕೆಟ್ಟದ್ದು, ಮೂಗು ಹತ್ತಿರ ಒಯ್ಯಬೇಡಿ. ನಮ್ಮ ಹವೆಗೆ ಮಾತ್ರ ಈ ನಕಲಿಯೇ ಮೇಲು. ಗಾಳಿಯ ತೇವ ಶೇಕಡಾ 65 ಇರುವಾಗ ಉಣ್ಣೆ ತನ್ನ ಒಣ ತೂಕದ ಸುಮಾರು 16 ಭಾಗ ನೀರು ಹೀರಿಕೊಳ್ಳುತ್ತದೆ, ಹತ್ತಿ ಎಂಟರ ಹತ್ತಿರ, ಅಕ್ರಿಲಿಕ್ ಒಂದೆರಡು ಅಷ್ಟೇ. ಸೆಣಬು ಹದಿಮೂರರ ಮೇಲೆ ಕುಡಿಯುತ್ತದೆ. ಆಷಾಢದ ನಮ್ಮ ಜಗಲಿಯಲ್ಲಿ ತೇವ 65ಕ್ಕೆ ನಿಲ್ಲುವ ಪೈಕಿ ಅಲ್ಲ. ಒದ್ದೆಯಾದ ಸೆಣಬಿನ ಎಳೆ ದಪ್ಪವಾಗುತ್ತದೆ, ಉದ್ದದಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ. ಬಾವಿಹಗ್ಗದ ಗಂಟು ನೆನೆದ ಮೇಲೆ ಬಿಚ್ಚಲು ಬಾರದ ಹಾಗೆ ಕುಚ್ಚಿನ ಹಿಡಿತವೂ ಬಿಗಿಯಾಗುತ್ತದೆ. ಆದರೆ ಅದೇ ತೇವದಲ್ಲಿ ಬೂಷ್ಟು ಹಿಡಿದು ಗೋಣಿ ಕೊಳೆಯುತ್ತದೆ. ಬಿಗಿಯುವುದೂ ನೀರು, ಕೆಡಿಸುವುದೂ ನೀರು.

ಬೆನ್ನಿಗೆ ಅಂಟು ಬಳಿದರೆ ಬಾಳಿಕೆ ಹೆಚ್ಚು. ಬಡಗಿಯ ಬಿಳಿ ಗೋಂದು ಬೇಡ, ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಕಾರ್ಪೆಟ್ ಕಾರ್ಖಾನೆಗಳು ಬಳಿಯುವುದು ರಬ್ಬರಿನ ಹಾಲಿನಂಥ ಲ್ಯಾಟೆಕ್ಸ್. ನರಸಿಂಹರಾಜಪುರ, ಬಾಳೆಹೊನ್ನೂರಿನ ಕಡೆ ರಬ್ಬರ್ ತೋಟಗಳಿವೆಯಲ್ಲ, ಅದೇ ಜಾತಿಯ ವಸ್ತು. ಮರದಿಂದ ಇಳಿಸಿದ ಹಾಲು ಬೇಗ ಹೆಪ್ಪುಗಟ್ಟುತ್ತದೆ. ಅಮೋನಿಯ ಬೆರೆಸಿ ಕೆಡದಂತೆ ಮಾಡಿದ್ದನ್ನೇ ತನ್ನಿ. ಅದು ಒಣಗಿದ ಮೇಲೆ ಬೇಕಿದ್ದವರು ಕುಣಿಕೆಗಳ ತಲೆ ಕತ್ತರಿಸಿ ಮಖಮಲ್ಲಿನಂತೆ ಮಾಡಬಹುದು. ಬೆಕ್ಕು ಸಾಕಿದವರಿಗೆ ಕತ್ತರಿಸಿದ್ದೇ ಕ್ಷೇಮ. ಕುಣಿಕೆಗೆ ಉಗುರು ಸಿಕ್ಕಿದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ್ದರಲ್ಲಿ ಹೋಗುವುದು ಒಂದು ಕುಚ್ಚು ಮಾತ್ರ.

ಇನ್ನು ಅಂಗಿ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು. ಮಣ್ಣಿನ ಕುಂಡಕ್ಕೆ ಖಂಡಿತ ಬೇಡ. ಅದರ ಮೈಯೆಲ್ಲ ಸೂಕ್ಷ್ಮ ರಂಧ್ರ. ನೀರು ಜಿನುಗಿ ಆವಿಯಾಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಹೂಜಿಗೆ ಸ್ವೆಟರ್ ಹಾಕಿದರೆ ನೀರು ತಂಪಾದೀತೇ? ಪ್ಲಾಸ್ಟಿಕ್ ಬಕೆಟ್ಟು ಹೇಗೂ ಉಸಿರಾಡುವುದಿಲ್ಲವಾದ್ದರಿಂದ ಅಂಗಿಯಿಂದ ಅದಕ್ಕೆ ನಷ್ಟವಿಲ್ಲ. ಆದರೆ ತಳದ ತೂತುಗಳು ಮಾತ್ರ ಮುಚ್ಚಬಾರದು. ಪೇಟೆಯಲ್ಲಿ ಸಿಗುವ ಹಲವು ಕವಚಗಳಿಗೆ ತಳವೂ ಇರುತ್ತದೆ, ಒಳಗೆ ಪ್ಲಾಸ್ಟಿಕ್ ಹಾಳೆಯ ಪದರವೂ ಇರುತ್ತದೆ. ಟೀಪಾಯಿಯ ಮೇಲೆ ಕಲೆ ಬೀಳದಿರಲಿ ಎಂದು ಅದನ್ನು ಮಾಡಿದ್ದು. ಗಿಡದ ಮಟ್ಟಿಗೆ ಅದು ಕೆರೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ, ಬೇರು ಉಸಿರುಕಟ್ಟುತ್ತದೆ. ಆಮೇಲೆ ಬರುವವರು ನಮಗೆಲ್ಲ ಪರಿಚಿತರೇ: ಅಡಿಕೆಗೆ ಕೊಳೆ ತರುವ ಫೈಟೋಫ್ತೋರ ಮತ್ತು ಅದರ ಬಳಗ. ಆಂಥೂರಿಯಂ ಬುಡ ಕಪ್ಪಾಗಿ ಮಲಗಿದ ಮೇಲೆ ‘ಕಣ್ಣು ಬಿತ್ತು’ ಎನ್ನುವವರು ಒಮ್ಮೆ ಕವಚದ ಒಳಗೆ ಕೈಯಿಟ್ಟು ನೋಡಬೇಕು.

ಗಿಡಕ್ಕಿಂತ ದೊಡ್ಡ ಅಪಾಯ ಮನೆಯ ಮಕ್ಕಳಿಗೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಕೆಸರು ಗುಂಡಿಯೇ ಆಗಬೇಕೆಂದಿಲ್ಲ; ಕವಚದ ತಳದಲ್ಲಿ ನಿಂತ ಒಂದು ಲೋಟ ತಿಳಿನೀರು ಸಾಕು. ಮೊಟ್ಟೆ ಇಡುವುದು ನೀರಿಗೆ ತಗುಲಿದ ಒದ್ದೆ ಗೋಡೆಗೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಬಿದ್ದ ಮೇಲೆ ಎಂಟು ಹತ್ತು ದಿನದಲ್ಲಿ ಸೊಳ್ಳೆ ಹಾರುತ್ತದೆ. ನಮ್ಮ ರಾಜ್ಯ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡವನ್ನೂ ಗೊತ್ತುಮಾಡಿತು. ಆಶಾ ಕಾರ್ಯಕರ್ತೆಯರು ಬಂದಾಗ ನೀರಿನ ತೊಟ್ಟಿ, ಟೈರು, ಎಳನೀರು ಚಿಪ್ಪು ನೋಡುತ್ತಾರೆ. ಚೆಂದದ ಉಲ್ಲನ್ ಅಂಗಿಯ ಒಳಗೂ ನೋಡಿ ಎಂದು ನಾವೇ ಹೇಳಬೇಕು.

ಆದ್ದರಿಂದ ಅಂಗಿಗೆ ತಳ ಇಡಬೇಡಿ, ಒಳಗೆ ಪ್ಲಾಸ್ಟಿಕ್ ಹಾಕಬೇಡಿ. ಕೆಳ ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ನೆಲಕ್ಕೆ ತಾಗಿದರೆ ದೀಪದ ಬತ್ತಿ ಎಣ್ಣೆ ಎಳೆಯುವಂತೆ ಗೋಣಿ ನೀರನ್ನು ಮೇಲಕ್ಕೆ ಎಳೆಯುತ್ತದೆ. ಹಿಂಬದಿಗೆ ಹೊಲಿಗೆ ಹಾಕದೆ ಮೂರು ಕಡೆ ಲಾಡಿ ಕಟ್ಟಿ. ಆರಿದ್ರಾ ಮಳೆ ಹಿಡಿಯುವ ಮೊದಲು ಬಿಚ್ಚಿ, ಒಗೆದು, ಬಿಸಿಲಿಗೆ ಒಣಗಿಸಿ ಎತ್ತಿಡಿ. ದೀಪಾವಳಿಯ ಹೊತ್ತಿಗೆ ಮತ್ತೆ ತೊಡಿಸಿ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಅಕ್ರಿಲಿಕ್‌ಗೆ ಕಿಡಿ ತಾಗಿದರೆ ಧಗ್ಗೆಂದು ಹತ್ತಿಕೊಳ್ಳುತ್ತದೆ. ಮಳೆಗಾಲವಿಡೀ ಜಗಲಿಯಲ್ಲೇ ಬಿಟ್ಟರೆ ಕುಚ್ಚುಗಳ ಸಂದಿಯಲ್ಲಿ ಇರುವೆ, ಜರಿ, ಕೆಲವೊಮ್ಮೆ ಚೇಳೂ ಸಂಸಾರ ಹೂಡುತ್ತವೆ.

ಕತ್ತರಿಸುವಾಗ ಉದುರಿದ ದಾರದ ಚೂರುಗಳನ್ನು ಗೊಬ್ಬರಗುಂಡಿಗೆ ಎಸೆಯಬೇಡಿ. ಅವು ಕೊಳೆಯದೆ ತೋಟದ ಮಣ್ಣು ಸೇರುತ್ತವೆ. ಹಳೆಯ ಬಟ್ಟೆಯ ಚೀಲವೊಂದಕ್ಕೆ ತುಂಬಿ ಬಾಯಿ ಹೊಲಿದರೆ ದಬ್ಬಣ, ಸೂಜಿ ಚುಚ್ಚಿಡಲು ಒಳ್ಳೆಯ ಮೆತ್ತೆಯಾಗುತ್ತದೆ.