ಮೇಷ್ಟ್ರ ಸಂಬಳಕ್ಕೆ ಕತ್ತರಿ, ಪಾಲುದಾರನ ಲಾಭಕ್ಕೆ ಕಾವಲು

ಸಹೋದ್ಯೋಗಿಯ ಸಾಲಕ್ಕೆ ಜಾಮೀನು ನಿಂತು ಕೆಟ್ಟ ಮೇಷ್ಟ್ರು ಕರ್ನಾಟಕದ ಯಾವ ತಾಲ್ಲೂಕಿನಲ್ಲೂ ಸಿಗುತ್ತಾರೆ. ಸಾಲ ಎತ್ತಿದವನು ಕೈಯೆತ್ತುತ್ತಾನೆ, ದಾವೆ ಡಿಕ್ರಿಯಾಗುತ್ತದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ, 48ನೇ ನಿಯಮದಡಿ ಸಂಬಳ ಬಟವಾಡೆ ಅಧಿಕಾರಿಗೆ ಕೋರ್ಟಿನ ಕಾಗದ ಬರುತ್ತದೆ. ಮರುತಿಂಗಳು ಪೇ ಸ್ಲಿಪ್ಪಿನಲ್ಲಿ ಜಿಪಿಎಫ್, ಕೆಜಿಐಡಿ ಕಟಾವುಗಳ ಕೆಳಗೆ ಹೊಸದೊಂದು ಸಾಲು. ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮೇಷ್ಟ್ರಿಗೆ. ಮಿಕ್ಕಿದ್ದು ಡಿಕ್ರಿದಾರನಿಗೆ. ಒಂದೇ ಡಿಕ್ರಿಗೆ 24 ತಿಂಗಳವರೆಗೆ ಹೀಗೆ ಕತ್ತರಿ ಆಡಬಹುದು. ಯಾರೂ ತಕರಾರು ಎತ್ತುವುದಿಲ್ಲ. ಮೇಷ್ಟ್ರ ಮಗಳ ಫೀಸಿನ ಗತಿಯೇನು, ಶಾಲೆಯಲ್ಲಿ ಅವರ ಪಾಠದ ಗತಿಯೇನು ಎಂದು ಚಿಂತಿಸುವ ವಿಚಾರ ಸಂಕಿರಣ ಯಾವ ಹೋಟೆಲಿನಲ್ಲೂ ನಡೆದಿಲ್ಲ.

ಅದೇ ಸಂಹಿತೆಯಲ್ಲಿ 48, 48ಎ ದಾಟಿದರೆ ಸಿಗುವುದು 49ನೇ ನಿಯಮ. ಇಲ್ಲಿ ಕಾನೂನಿನ ದನಿ ಏಕಾಏಕಿ ಮೆತ್ತಗಾಗುತ್ತದೆ. ಡಿಕ್ರಿ ಫರ್ಮಿನ ಮೇಲೋ, ಪಾಲುದಾರರೆಂಬ ನೆಲೆಯಲ್ಲಿ ಪಾಲುದಾರರ ಮೇಲೋ ಆಗಿರದಿದ್ದರೆ, ಅಂದರೆ ಒಬ್ಬ ಪಾಲುದಾರನ ಸ್ವಂತ ಸಾಲದ್ದಾಗಿದ್ದರೆ, ಫರ್ಮಿನ ಸ್ವತ್ತನ್ನು ಜಪ್ತಿ ಮಾಡುವಂತಿಲ್ಲ. ಗೋದಾಮಿನಲ್ಲಿ ಸರಕು ತುಂಬಿರಲಿ, ಬಾಗಿಲಲ್ಲಿ ಲಾರಿ ನಿಂತಿರಲಿ, ಗಲ್ಲಾಪೆಟ್ಟಿಗೆಯ ಹಿಂದೆ ಸಾಲಗಾರನೇ ಕೂತು ನೋಟು ಎಣಿಸುತ್ತಿರಲಿ, ಅಮೀನನು ವಾರಂಟ್ ಮಡಿಚಿ ಜೇಬಿಗಿಟ್ಟು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕು.

ಇದನ್ನು ಸಮರ್ಥಿಸುವ ವಕೀಲರು, ಲೆಕ್ಕಪರಿಶೋಧಕರು, ಉದ್ಯಮ ಸಂಘಗಳ ಪದಾಧಿಕಾರಿಗಳ ಬಾಯಲ್ಲಿ ಒಂದೇ ಪಲ್ಲವಿ: ಒಬ್ಬನ ಸಾಲಕ್ಕೆ ನಿರಪರಾಧಿ ಪಾಲುದಾರರು ಬಲಿಯಾಗಬಾರದು, ಉದ್ಯಮಸ್ನೇಹಿ ವಾತಾವರಣ ಕೆಡಬಾರದು. ಕೇಳಲು ಹಿತವಾಗಿದೆ. ಆದರೆ ಈ ಸ್ನೇಹ ಸಾಲ ತೀರಿಸದ ಉದ್ಯಮಿಯ ಕಡೆಗೆ ಮಾತ್ರ ಹರಿಯುವುದೇಕೆ? ಅವನಿಗೆ ಸರಕು ಕೊಟ್ಟು ಬಿಲ್ಲಿನ ಹಣಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವನೂ ಉದ್ಯಮಿಯೇ ಅಲ್ಲವೆ?

ನಿಯಮದ ಹುಟ್ಟು ತಿಳಿಯದೆ ಅದರ ದುರುಪಯೋಗ ಅರ್ಥವಾಗದು. 1890ರ ಪಾಲುದಾರಿಕೆ ಕಾಯ್ದೆಗೆ ಮುಂಚೆ ಇಂಗ್ಲೆಂಡಿನಲ್ಲಿ ಒಬ್ಬ ಪಾಲುದಾರನ ಖಾಸಗಿ ಸಾಲಕ್ಕೆ ಷೆರಿಫನ ಆಳುಗಳು ನೇರವಾಗಿ ಅಂಗಡಿಗೆ ನುಗ್ಗಿ ಫರ್ಮಿನ ಸರಕು ಹೊತ್ತೊಯ್ಯುತ್ತಿದ್ದರು. ವ್ಯಾಪಾರ ನಿಲ್ಲುತ್ತಿತ್ತು. ಆ ಕಾಯ್ದೆಯ 23ನೇ ಕಲಂ ಇದನ್ನು ತಡೆದು, ಸಾಲಗಾರನ ಪಾಲಿನ ಮೇಲೆ ಮಾತ್ರ ಋಣಭಾರ ಹೊರಿಸುವ ದಾರಿ ತೋರಿಸಿತು. ಭಾರತದ 1908ರ ಸಂಹಿತೆಯೂ ಅದೇ ದಾರಿ ಹಿಡಿಯಿತು. ಅಂಗಡಿ ಮುಚ್ಚಿಸದೆ ಹಣ ವಸೂಲು ಮಾಡುವುದು ಉದ್ದೇಶವಾಗಿತ್ತು. ಅಂಗಡಿ ಉಳಿಯಿತು. ವಸೂಲಿ ಮರೆತುಹೋಯಿತು.

49ನೇ ನಿಯಮದ ಎರಡನೇ ಉಪನಿಯಮ ಕೈಯಲ್ಲಾಗದ ಕಾನೂನೇನಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಸಾಲಗಾರನ ಪಾಲಿನ ಮೇಲೆ ಋಣಭಾರ ಹೊರಿಸಬಹುದು. ಘೋಷಿಸಿದ ಲಾಭಕ್ಕೂ ಮುಂದೆ ಬರಲಿರುವ ಲಾಭಕ್ಕೂ ರಿಸೀವರ್ ನೇಮಿಸಬಹುದು. ಲೆಕ್ಕಪತ್ರ ತರಿಸಬಹುದು. ಪಾಲನ್ನೇ ಮಾರಾಟಕ್ಕೆ ಇಡಬಹುದು. ನಿರಪರಾಧಿ ಪಾಲುದಾರರಿಗೆ ರಕ್ಷಣೆಯೂ ಅಲ್ಲೇ ಇದೆ: ಹಣ ಕಟ್ಟಿ ಆ ಪಾಲನ್ನು ಬಿಡಿಸಿಕೊಳ್ಳಬಹುದು, ಮಾರಾಟವಾದರೆ ತಾವೇ ಕೊಳ್ಳಬಹುದು. ಇಷ್ಟೆಲ್ಲ ಅಸ್ತ್ರ ಶತಮಾನದಿಂದ ಬತ್ತಳಿಕೆಯಲ್ಲಿದ್ದರೂ ಅಮಲ್ಜಾರಿ ಅರ್ಜಿಗಳಲ್ಲಿ ಬಳಕೆಯಾಗುವುದು ಮನೆಯ ಟಿ.ವಿ., ಬೀರು, ಸ್ಕೂಟರ್ ಜಪ್ತಿಯ ಹಳೇ ನಮೂನೆ. ಲಾಭದ ಪಾಲಿಗೆ ರಿಸೀವರ್ ಬೇಕೆಂದು ಕೇಳಿದರೆ, ಮದುವೆ ಮನೆಯಲ್ಲಿ ಕುಂಬಳಕಾಯಿ ಕದ್ದವನಂತೆ ಡಿಕ್ರಿದಾರನ ವಕೀಲನನ್ನೇ ಎಲ್ಲರೂ ತಿರುಗಿ ನೋಡುತ್ತಾರೆ.

ಡಿಕ್ರಿದಾರ ಛಲ ಬಿಡದೆ ಮುಂದುವರಿದ ಎನ್ನೋಣ. ಅವನ ಮುಂದೆ 1932ರ ಪಾಲುದಾರಿಕೆ ಕಾಯ್ದೆ ನಿಂತಿದೆ. ಪಾಲು ಕೊಂಡವನಿಗೆ ಫರ್ಮ್ ನಡೆಯುತ್ತಿರುವಾಗ ವ್ಯವಹಾರದಲ್ಲಿ ತಲೆ ಹಾಕುವ ಹಕ್ಕಿಲ್ಲ, ಲೆಕ್ಕ ಕೇಳುವ ಹಕ್ಕಿಲ್ಲ, ಪುಸ್ತಕ ನೋಡುವ ಹಕ್ಕಿಲ್ಲ. ಪಾಲುದಾರರು ತಮ್ಮತಮ್ಮಲ್ಲಿ ಒಪ್ಪಿಕೊಂಡ ಲೆಕ್ಕವನ್ನೇ ಅವನೂ ಒಪ್ಪಿಕೊಳ್ಳಬೇಕು ಎನ್ನುತ್ತದೆ 29ನೇ ಕಲಂ. ಈ ವರ್ಷ ಲಾಭವೇ ಇಲ್ಲ ಎಂದು ಅಣ್ಣತಮ್ಮಂದಿರು ಸಹಿ ಹಾಕಿದರೆ ಮುಗಿಯಿತು. ಪಾಲಿನ ಮೇಲೆ ಕೋರ್ಟಿನ ಋಣಭಾರ ಬಿದ್ದಿರುವುದು ಫರ್ಮನ್ನು ವಿಸರ್ಜಿಸಲು 44ನೇ ಕಲಮಿನ ಪ್ರಕಾರ ಒಂದು ಕಾರಣವಾಗಬಹುದು, ನಿಜ. ಆದರೆ ಆ ದಾವೆ ಹೂಡಬೇಕಾದವನು ಇನ್ನೊಬ್ಬ ಪಾಲುದಾರ. ಬೀಗ ಡಿಕ್ರಿದಾರನ ಮುಂದೆ, ಕೀಲಿಕೈ ಸಾಲಗಾರನ ತಮ್ಮನ ಸೊಂಟದಲ್ಲಿ.

ಎಲ್‌ಎಲ್‌ಪಿಯಂತೂ ಇನ್ನೂ ನಾಜೂಕಿನ ಕೋಟೆ. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯ 42ನೇ ಕಲಂ ಲಾಭದ ಪಾಲನ್ನು ವರ್ಗಾಯಿಸಬಹುದು ಎನ್ನುತ್ತದೆ. ಪಡೆದವನಿಗೆ ಆಡಳಿತದಲ್ಲಿ ಪ್ರವೇಶವಿಲ್ಲ, ವ್ಯವಹಾರದ ಮಾಹಿತಿಯೂ ಇಲ್ಲ. ಅಂಥದ್ದೊಂದಕ್ಕೆ ಕನಿಷ್ಠ ಇಬ್ಬರು ಪಾಲುದಾರರು ಬೇಕು. ಎರಡನೆಯವರು ಯಾರೆಂದು ತಿಳಿಯಲು ಎಷ್ಟೋ ಸಲ ರೇಷನ್ ಕಾರ್ಡ್ ನೋಡಿದರೆ ಸಾಕು. ಸಮರ್ಥಕರು ಕಣ್ಣೀರು ಸುರಿಸುವ ‘ನಿರಪರಾಧಿ ಪಾಲುದಾರ’ ಹೆಚ್ಚಾಗಿ ಅದೇ ಮನೆಯಲ್ಲಿ ಊಟ ಮಾಡುತ್ತಾನೆ. ಅಮೆರಿಕದ ಫ್ಲಾರಿಡಾ ರಾಜ್ಯದ ಸುಪ್ರೀಂ ಕೋರ್ಟು 2010ರಲ್ಲೇ ಈ ನಾಟಕಕ್ಕೆ ಪರದೆ ಎಳೆಯಿತು: ಒಬ್ಬನೇ ಸದಸ್ಯನಿರುವ ಸೀಮಿತ ಹೊಣೆಗಾರಿಕೆ ಕಂಪನಿ, ಅಂದರೆ ಎಲ್‌ಎಲ್‌ಸಿಯಲ್ಲಿ ಕಾಪಾಡಬೇಕಾದ ಬೇರೊಬ್ಬ ಇಲ್ಲದಿರುವಾಗ, ಅವನ ಇಡೀ ಹಕ್ಕನ್ನೇ ಬಿಟ್ಟುಕೊಡುವಂತೆ ಆದೇಶಿಸಬಹುದು ಎಂದಿತು.

ಖಾಸಗಿ ಕಂಪನಿಯ ಷೇರಿನ ಕಥೆಯೂ ಭಿನ್ನವಲ್ಲ. ವರ್ಗಾಯಿಸಬೇಡ, ಡಿವಿಡೆಂಡ್ ಪಡೆಯಬೇಡ ಎಂದು ಅದೇ 21ನೇ ಆದೇಶದ 46ನೇ ನಿಯಮದಡಿ ನಿಷೇಧಾಜ್ಞೆ ತರಬಹುದು. ದಲ್ಲಾಳಿ ಮೂಲಕ ಮಾರಬಹುದು ಎಂದು 76ನೇ ನಿಯಮ ಹೇಳುತ್ತದೆ. ಅಪ್ಪ, ಮಗ, ಅಳಿಯ ಸೇರಿ ನಡೆಸುವ ಕಂಪನಿಯ ಷೇರು ಮಾರಿಕೊಡುವ ದಲ್ಲಾಳಿಯ ವಿಳಾಸವನ್ನು ಮಾತ್ರ ನಿಯಮ ಹೇಳುವುದಿಲ್ಲ.

ಮಾಲೀಕತ್ವದ ಪಾಲಿಗೆ ಕೈ ಹಾಕುವುದು ಕಷ್ಟ, ಕಾನೂನು ಸೂಕ್ಷ್ಮ ಎಂಬ ಈ ರಾಗ ದೊಡ್ಡ ಸಾಲಿಗರ ಮುಂದೆ ಹೇಗೆ ತಾಳ ತಪ್ಪುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ವಿಜಯ್ ಮಲ್ಯ ಮತ್ತು ಅವರ ಕಂಪನಿಗಳಿಂದ 6,203 ಕೋಟಿ ರೂಪಾಯಿಯನ್ನು ಶೇ 11.5ರ ಬಡ್ಡಿಯೊಂದಿಗೆ ವಸೂಲು ಮಾಡಲು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಆದೇಶಿಸಿತು. ಮುಂಬೈನ ಕಿಂಗ್‌ಫಿಷರ್ ಹೌಸ್ ಅನ್ನು 2016ರಲ್ಲಿ 150 ಕೋಟಿಗೆ ಹರಾಜಿಗಿಟ್ಟರು, ಕೂಗುವವರಿಲ್ಲ. ಬೆಲೆ ಇಳಿಸುತ್ತಾ ಹೋಗಿ ಕೊನೆಗೆ 2021ರಲ್ಲಿ ಅದು ಮಾರಾಟವಾದದ್ದು ಸುಮಾರು 52 ಕೋಟಿಗೆ. ಅದೇ ವರ್ಷದ ಜೂನ್ 23ರಂದು ಯುನೈಟೆಡ್ ಬ್ರೂವರೀಸ್ ಷೇರುಗಳನ್ನು ಮಾರಿದಾಗ ಬ್ಯಾಂಕುಗಳಿಗೆ ಬಂದದ್ದು 5,824.5 ಕೋಟಿ. ಕಟ್ಟಡಕ್ಕೆ ಐದು ವರ್ಷ ಹಾಡಿದ್ದೇ ಹಾಡು, ಷೇರಿಗೆ ಒಂದು ದಿನ. ಹಣ ಕೂತಿರುವುದು ಇಟ್ಟಿಗೆಯಲ್ಲಲ್ಲ, ಮಾಲೀಕತ್ವದಲ್ಲಿ ಎಂದು ಜಾರಿ ನಿರ್ದೇಶನಾಲಯಕ್ಕೂ ಸ್ಟೇಟ್ ಬ್ಯಾಂಕಿಗೂ ಗೊತ್ತು. ಬ್ರೂವರಿ ಮುಚ್ಚಿತೆ? ಇಲ್ಲ. ಹೈನೆಕೆನ್ ಕೊಂಡಿತು, ಬಿಯರ್ ಹರಿಯುತ್ತಲೇ ಇದೆ. ಪಾಲು ಕೈ ಬದಲಿಸಿದರೆ ಉದ್ಯಮ ಸಾಯುತ್ತದೆ ಎಂಬ ಭಯವನ್ನು ಆ ಒಂದು ವ್ಯವಹಾರವೇ ಮುಳುಗಿಸಬೇಕಿತ್ತು.

ಅದು ಲಿಸ್ಟ್ ಆದ ಕಂಪನಿ ಎಂದು ಕೂಡಲೇ ಯಾರಾದರೂ ಕೈ ಎತ್ತುತ್ತಾರೆ. ಇರಲಿ. ಹಾಗಾದರೆ ತೆರಿಗೆಯ ಮಾತಿಗೆ ಬರೋಣ. 2025ರ ಏಪ್ರಿಲ್ 1ರಿಂದ ಫರ್ಮು ತನ್ನ ಪಾಲುದಾರನಿಗೆ ಕೊಡುವ ಸಂಬಳ, ಕಮಿಷನ್, ಬೋನಸ್, ಬಡ್ಡಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10ರಷ್ಟು ಮೂಲದಲ್ಲೇ ಮುರಿದುಕೊಳ್ಳಬೇಕು ಎಂದು ಕೇಂದ್ರ ಸರ್ಕಾರ 194ಟಿ ಎಂಬ ಹೊಸ ಕಲಂ ತಂದಿತು. ದೆಹಲಿಗೆ ತೆರಿಗೆ ಬೇಕೆಂದಾಗ ಫರ್ಮಿನ ಗೋಡೆ ತೂರಿ ಕೈ ಒಳಗೆ ಹೋಗುತ್ತದೆ. ನಿರಪರಾಧಿ ಪಾಲುದಾರನೂ ಅಡ್ಡ ಬರಲಿಲ್ಲ, ಉದ್ಯಮಸ್ನೇಹವೂ ಅಡ್ಡ ಬರಲಿಲ್ಲ. ಅದೇ ಚೆಕ್ಕಿನಿಂದ ಡಿಕ್ರಿಯ ಹಣ ಮುರಿದುಕೊಳ್ಳಿ ಎಂದರೆ ಮಾತ್ರ ಪಾಲುದಾರಿಕೆಯ ಪಾವಿತ್ರ್ಯ ನೆನಪಾಗುತ್ತದೆ. ಮೇಷ್ಟ್ರ ಸಂಬಳಕ್ಕೆ 48ನೇ ನಿಯಮ ಇರುವಂತೆ ಪಾಲುದಾರನ ಸಂಬಳಕ್ಕೂ, ಲಾಭಕ್ಕೂ, ಎಲ್‌ಎಲ್‌ಪಿಯ ಪಾಲಿಗೂ ಅಷ್ಟೇ ನೇರವಾದ ನಿಯಮ ಬೇಕು. ಫರ್ಮೇ ಬಟವಾಡೆ ಅಧಿಕಾರಿಯಾಗಲಿ.

ಸಾಲಗಾರನ ಬಾಯಿ ಬಿಡಿಸುವ ದಾರಿಯೂ ಇದೆ. 41ನೇ ನಿಯಮದಡಿ ಅವನು ತನ್ನ ಆಸ್ತಿಯ ಪ್ರಮಾಣಪತ್ರ ಸಲ್ಲಿಸಬೇಕು, ತಪ್ಪಿದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆ. 16ಎ ಎಂಬ ಆ ನಮೂನೆಯಲ್ಲಿ ಯಾವ ಕಂಪನಿಗಳ ನಿರ್ದೇಶಕ, ಯಾವ ಷೇರುಗಳಿವೆ ಎಂದೆಲ್ಲ ಕೇಳಲಾಗಿದೆ. ತುಂಬಿಸುವವರು ಬೇಕಲ್ಲ! ಅಮಲ್ಜಾರಿಯನ್ನು ಅರ್ಜಿ ಬಂದ ಆರು ತಿಂಗಳೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ ಹೇಳಿತು, ಅದೂ ಬೆಂಗಳೂರಿನ ಒಂದು ಆಸ್ತಿ ವ್ಯಾಜ್ಯದಲ್ಲೇ. ಕೇಳಿದವರು ಯಾರು? 2025ರ ಮಾರ್ಚ್‌ನಲ್ಲಿ ಮತ್ತೆ ಆರು ತಿಂಗಳ ಗಡುವು ನೀಡಿ ಎಲ್ಲ ಹೈಕೋರ್ಟುಗಳಿಂದ ಲೆಕ್ಕ ಕೇಳಿತು. ಅಕ್ಟೋಬರ್‌ನಲ್ಲಿ ಲೆಕ್ಕ ಬಂತು: ದೇಶದಲ್ಲಿ 8,82,578 ಅಮಲ್ಜಾರಿ ಅರ್ಜಿಗಳು ಬಾಕಿ. ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರಿದ್ದ ಪೀಠ ತೀವ್ರ ನಿರಾಸೆ ವ್ಯಕ್ತಪಡಿಸಿತು.

ಎಂಟು ಲಕ್ಷ ಎಂಬತ್ತೆರಡು ಸಾವಿರ ಗೆದ್ದವರು! ದಾವೆ ಹೂಡಿ, ಕೋರ್ಟ್ ಫೀ ಕಟ್ಟಿ, ಸಾಕ್ಷಿ ಕಟಕಟೆ ಏರಿ, ಮೇಲ್ಮನವಿ ಎದುರಿಸಿ, ಕೊನೆಗೆ ‘ನಿನಗೆ ಹಣ ಬರಬೇಕು’ ಎಂದು ಬರೆಸಿಕೊಂಡವರು. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರ ಸುಮಾರಿಗೇ ಆಡಿತ್ತು. ಒಂದೂವರೆ ಶತಮಾನದಲ್ಲಿ ಬ್ರಿಟಿಷರು ಹೋದರು, ಸಂವಿಧಾನ ಬಂತು, ಕೋರ್ಟುಗಳಿಗೆ ಕಂಪ್ಯೂಟರೂ ಬಂತು. ಡಿಕ್ರಿದಾರ ಕೂತ ಬೆಂಚು ಮಾತ್ರ ಅಲ್ಲಿಯೇ ಇದೆ.

ಸಾರ್ವಜನಿಕ ಸ್ವತ್ತಿನ ವಿಷಯದಲ್ಲಾದರೆ ಇದೇ ವ್ಯವಸ್ಥೆಗೆ ಎಲ್ಲಿಲ್ಲದ ಚುರುಕು. ಭೂಸ್ವಾಧೀನದ ಪರಿಹಾರ ಕೊಡಲಿಲ್ಲವೆಂದು ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್ ಹೊರಗೆ ಬರುತ್ತವೆ. ಅಪಘಾತ ಪರಿಹಾರಕ್ಕೆ ಸರ್ಕಾರಿ ಬಸ್ಸನ್ನೇ ಕೋರ್ಟಿನ ಆವರಣದಲ್ಲಿ ತಂದು ನಿಲ್ಲಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ. ಆ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾದು ನಿಂತ ಪ್ರಯಾಣಿಕರು ನಿರಪರಾಧಿಗಳಲ್ಲವೆ? ಅವರ ಪರವಾಗಿ ವಾದಿಸುವ ವಾಣಿಜ್ಯ ಮಂಡಳಿ ಇಲ್ಲ, ಅಷ್ಟೆ. 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದ ಕಿಂಗ್‌ಫಿಷರ್ ವಿಮಾನಗಳ ನೌಕರರು ಬಾಕಿ ಸಂಬಳಕ್ಕಾಗಿ ವರ್ಷಾನುಗಟ್ಟಲೆ ಕಾದರು. ಷೇರಿನ ಬಾಗಿಲು ತಟ್ಟುವ ಬಲ ಬ್ಯಾಂಕುಗಳಿಗಿತ್ತು, ಅವರಿಗಿರಲಿಲ್ಲ.

ಕರ್ನಾಟಕದಲ್ಲಿ ಇಂಥ ಅರ್ಜಿಗಳು ಎಷ್ಟು ಬಾಕಿ? 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿಗೂ ಅದು ತಿಳಿಯಲಿಲ್ಲ. ಲೆಕ್ಕ ಒಪ್ಪಿಸದ ಹೈಕೋರ್ಟ್ ಎಂದು ಪೀಠ ಹೆಸರಿಸಿ ಬೇಸರಿಸಿದ್ದು ಕರ್ನಾಟಕವನ್ನೇ. ಏಕೆ ಕೊಡಲಿಲ್ಲವೆಂದು ಎರಡು ವಾರದೊಳಗೆ ತಿಳಿಸುವಂತೆ ರಿಜಿಸ್ಟ್ರಾರ್ ಜನರಲ್‌ಗೆ ಸೂಚನೆ ಹೋಯಿತು. ಎಂಟು ಲಕ್ಷ ಎಂಬತ್ತೆರಡು ಸಾವಿರದ ಆ ರಾಶಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಗೆದ್ದವರು ಸೇರಿಯೇ ಇರಲಿಲ್ಲ. ಅವರ ಡಿಕ್ರಿಗಳಿಗೆ ಕಾಲಮಿತಿ ಕಾಯ್ದೆ ಕೊಟ್ಟಿರುವ ಅವಧಿ 12 ವರ್ಷ.