ಗ್ರಾಮನಕ್ಷೆಯನ್ನು ಲಕ್ಷಣ ಹೇಳಿ ಪ್ರಶ್ನಿಸುವ ಕ್ರಮ

ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಆದ ಮಹನೀಯರಲ್ಲಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ಗ್ರಾಮನಕ್ಷೆಯು ಈಗ ಚಾವಡಿಯ ಗೋಡೆಗೆ ತೂಗುಹಾಕುವ ಪಟವಾಗಿ ಮಾತ್ರ ಉಳಿದಿಲ್ಲ. ದಿಶಾಂಕ್ ಎಂಬ ಆ್ಯಪನ್ನು ಮೊಬೈಲಿನಲ್ಲಿ ತೆರೆದು ಬದುವಿನ ಮೇಲೆ ನಿಂತರೆ, ತಾವು ನಿಂತಿರುವ ಸರ್ವೆ ನಂಬರು ಇಂತಹುದೆಂದು ತಿಳಿದುಬರುವುದು. ಇಷ್ಟನ್ನು ಅನೇಕರು ಬಲ್ಲರು. ಆದರೆ ಜಾಲದ ಮೇಲಿನ ನಕ್ಷೆಗೆ “ಇಂತಹ ಲಕ್ಷಣವುಳ್ಳ ಹೊಲಗಳನ್ನು ಮಾತ್ರ ಆರಿಸಿ ತೋರಿಸು” ಎಂದು ಕೇಳುವ ಕ್ರಮವನ್ನು ಅರಿತವರು ವಿರಳ.

ನಕ್ಷೆಯಲ್ಲಿ ಕಾಣುವ ಪ್ರತಿಯೊಂದು ತುಂಡಿನ ಹಿಂದೆಯೂ ಪಟ್ಟಿಯ ಒಂದು ಸಾಲು ಇರುವುದು. ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಮಣ್ಣು, ಬೆಳೆ ಇವೆಲ್ಲ ಆ ಸಾಲಿನ ಕಾಲಮುಗಳು. ನಕ್ಷೆಯು ಹೊಲವನ್ನು ಕಣ್ಣಾರೆ ನೋಡಿ ಉತ್ತರಿಸುವುದಿಲ್ಲ. ಕಾಲಮಿನಲ್ಲಿ ಬರೆದುದನ್ನು ಓದಿ ಉತ್ತರಿಸುವುದು. ಬೀದರ ನಗರದ ಸುತ್ತಣ ಜಂಬಿಟ್ಟಿಗೆಯ ಕೆಂಪು ನೆಲವನ್ನು ಯಾರಾದರೂ ಎರೆಯೆಂದು ಬರೆದಿದ್ದರೆ, ಎರೆ ಹೊಲಗಳನ್ನು ಕೇಳಿದಾಗ ಅದೂ ಬಣ್ಣ ತಳೆದು ನಿಲ್ಲುವುದು.

ಪ್ರಶ್ನೆಯನ್ನು ಕಟ್ಟುವಲ್ಲಿಯೂ ಎಚ್ಚರ ಬೇಕು. ಸರ್ವೆ ನಂಬರು ೪೨ ಎಂದಷ್ಟೇ ಕೇಳಿದರೆ, ಆ ನಂಬರುಳ್ಳ ಎಲ್ಲಾ ಗ್ರಾಮಗಳ ಹೊಲಗಳೂ ಎದ್ದುಬರುವುವು. ಗ್ರಾಮದ ಹೆಸರನ್ನೂ ಕೂಡಿಸಬೇಕು. ಗ್ರಾಮದ ಹೆಸರೊಂದೇ ಸಾಲದು. ಔರಾದ ಎಂಬ ಹೆಸರು ತಾಲ್ಲೂಕಿನ ಮುಖ್ಯಸ್ಥಾನಕ್ಕೂ ಇದೆ, ಬೀದರ ತಾಲ್ಲೂಕಿನ ಒಂದು ಗ್ರಾಮಕ್ಕೂ ಇದೆ. ನಾವು ಮಾತಿನಲ್ಲಿ “ತೊಗರಿ ಮತ್ತು ಸೋಯಾ ಹೊಲಗಳು” ಎನ್ನುವೆವು. ನಕ್ಷೆಗೆ ಹಾಗೆಯೇ ಹೇಳಿದರೆ ಅದು ಒಂದೇ ಕಾಲಮಿನಲ್ಲಿ ಎರಡೂ ಹೆಸರುಗಳನ್ನು ಹುಡುಕಿ, ಒಂದೂ ಸಿಗಲಿಲ್ಲವೆನ್ನುವುದು. ಅಲ್ಲಿ ಹೇಳತಕ್ಕುದು “ಅಥವಾ” ಎಂದು.

ಎಲ್ಲಕ್ಕಿಂತ ಮೋಸದ ಸಂಗತಿ ಬರಿದಾದ ಕಾಲಮಿನದು. ಬೆಳೆಯ ಹೆಸರನ್ನೇ ಬರೆಯದ ಹೊಲವು “ಸೋಯಾ” ಎಂದು ಕೇಳಿದಾಗಲೂ ಬಾರದು. ಅನೇಕ ನಕ್ಷೆಗಳಲ್ಲಿ “ಸೋಯಾ ಅಲ್ಲದುದು” ಎಂದು ಕೇಳಿದಾಗಲೂ ಬಾರದು. ಭೂಮಿಯ ಮೇಲೆ ಪೈರು ನಿಂತಿದ್ದರೂ ಲೆಕ್ಕದಲ್ಲಿ ಆ ಹೊಲವೇ ಇಲ್ಲ. ಆದುದರಿಂದ “ಬರಿದಾಗಿರುವ ಹೊಲಗಳು ಯಾವುವು” ಎಂಬುದನ್ನೇ ಮೊದಲನೆಯ ಪ್ರಶ್ನೆಯಾಗಿ ಕೇಳಬೇಕೆಂಬುದು ನನ್ನ ಅನುಭವದ ಮಾತು.

ಕೆಲವು ವರ್ಷಗಳ ಹಿಂದೆ ಭಾಲ್ಕಿಯ ಕಡೆ ಒಬ್ಬ ಹಿರಿಯ ಬೇಸಾಯಗಾರರು ಸೋಯಾ ಬಿತ್ತಿ ವಿಮೆಯ ಕಂತನ್ನೂ ಕಟ್ಟಿದ್ದರು. ಮಳೆ ಹೆಚ್ಚಾಗಿ ಕಾಯಿ ಕೊಳೆತುಹೋಯಿತು. ಸಮೀಕ್ಷೆಯ ಕಾಲಮಿನಲ್ಲಿ ಮಾತ್ರ ಅವರ ಹೊಲಕ್ಕೆ ಉದ್ದು ಎಂದು ಬರೆದಿತ್ತು. ಬರೆದವರಾರೆಂಬುದು ಇಲ್ಲಿ ಬೇಡ. ನಾನು ಸೋಯಾ ಹೊಲಗಳನ್ನು ಆರಿಸಿ ತೋರಿಸಿದಾಗ ಸುತ್ತಲಿನ ಹೊಲಗಳೆಲ್ಲ ಹಳದಿಯಾದುವು, ಅವರದು ನಡುವೆ ಬಿಳಿಯಾಗಿಯೇ ಉಳಿಯಿತು. “ಸಾಹೇಬರೇ, ನನ್ನ ಹೊಲ ಎಲ್ಲಿ ಹೋಯಿತು?” ಎಂದರು. ಆಕ್ಷೇಪಣೆಯ ಅವಧಿ ಮುಗಿದಿತ್ತು, ಪರಿಹಾರ ದೊರೆಯಲಿಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ನಮ್ಮ ರಾಜ್ಯದಲ್ಲಿ ವಿಮೆ ಮಾಡಿಸಿದ ಬೆಳೆಯನ್ನು ಬೆಳೆ ಸಮೀಕ್ಷೆಯೊಡನೆ ತಾಳೆ ನೋಡುವರೆಂಬುದನ್ನು ಅವರು ಮೊದಲೇ ತಿಳಿದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಇದು ಕಛೇರಿಯ ಗುಮಾಸ್ತರ ಕೆಲಸ, ಊರ ಹಿರಿಯರಿಗೇಕೆ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಯಾವ ಹೊಲದಲ್ಲಿ ಏನು ನಿಂತಿದೆಯೆಂದು ಗುಮಾಸ್ತನು ಬಲ್ಲನೇ? ೨೦೨೦ರ ಮುಂಗಾರಿನಿಂದ ರೈತನೇ ತನ್ನ ಹೊಲದ ಚಿತ್ರ ತೆಗೆದು ಬೆಳೆಯನ್ನು ನಮೂದಿಸುವ ಅವಕಾಶ ಬಂದಿತು. ನಮೂದಾದುದನ್ನು ಬೆಳೆ ದರ್ಶಕ ಆ್ಯಪಿನಲ್ಲಿ ನೋಡಿ ಆಕ್ಷೇಪಿಸುವ ಅನುಕೂಲವನ್ನೂ ಇಲಾಖೆಯು ಕಲ್ಪಿಸಿದೆ. ಓದುಬರಹ ಬಲ್ಲ ಒಬ್ಬ ತರುಣನನ್ನು ಕೂರಿಸಿಕೊಂಡು, ಬೆಳೆಬೆಳೆಗೂ ಹೊಲಗಳನ್ನು ಆರಿಸಿ, ಗ್ರಾಮಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದು ಒಂದು ಮಧ್ಯಾಹ್ನದ ಕೆಲಸ. ತೊಗರಿಯನ್ನು ಅಕ್ಕಡಿಯಾಗಿ ಹಾಕಿದವರು ಎರಡು ಬೆಳೆಗಳೂ ನಮೂದಾಗಿವೆಯೇ ಎಂದು ವಿಶೇಷವಾಗಿ ಕೇಳಬೇಕು. ಭಾಲ್ಕಿ, ಔರಾದ ಸೀಮೆಗಳಲ್ಲಿ ಇದು ಸೋಯಾ ಕಟಾವಿಗೆ ಮೊದಲೇ ಮುಗಿಯತಕ್ಕುದು. ಪೈರು ಕೊಯ್ದು ರಾಶಿಯಾದ ಮೇಲೆ ಆಕ್ಷೇಪಣೆಗೆ ತೋರಿಸಲು ಹೊಲದಲ್ಲಿ ಏನೂ ಉಳಿಯದು.