ಪ್ರಾರ್ಥನೆಯೂ ಇರಲಿ, ಪತ್ರಗಳೂ ಇರಲಿ

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಊರಿನಿಂದ ಬರುವ ಕರೆಗಳಲ್ಲಿ ಎರಡು ಕೋರಿಕೆಗಳು ಜೊತೆಜೊತೆಯಾಗಿಯೇ ಇರುತ್ತವೆ. 'ನಮ್ಮ ಹುಡುಗನಿಗೊಂದು ಕೆಲಸ ನೋಡಿ' ಎಂಬುದು ಮೊದಲನೆಯದು. 'ಅವನ ವೀಸಾಕ್ಕಾಗಿ ಪ್ರಾರ್ಥನೆ ಮಾಡಿ' ಎಂಬುದು ಎರಡನೆಯದು. ನಾನು ದುಬೈಗೆ ಬಂದು 16 ವರ್ಷಗಳಾದವು. ಈ ಎರಡೂ ಕೋರಿಕೆಗಳು ಎಂದೂ ನನಗೆ ಭಾರವೆನಿಸಿಲ್ಲ. ಆದರೆ ಎರಡನೆಯದರ ಬಗ್ಗೆ ಕೆಲವು ಮಾತುಗಳನ್ನು ಬಿಚ್ಚಿ ಹೇಳಬೇಕೆನಿಸುತ್ತದೆ. ಉದ್ದೇಶವಿಟ್ಟು ಪ್ರಾರ್ಥಿಸಿ, ಧೈರ್ಯದಿಂದ ಪ್ರಾರ್ಥಿಸಿ ಎಂದು ನಮ್ಮ ಸಭೆಗಳಲ್ಲಿ ಬೋಧಿಸುತ್ತಾರೆ. ಬೋಧನೆ ಸರಿಯಾದದ್ದೇ. ಆ ಉದ್ದೇಶ ಯಾವುದು, ಆ ಧೈರ್ಯ ಯಾರನ್ನು ನೆಚ್ಚಿದ್ದು ಎಂಬುದನ್ನು ಅರಿಯದೆ ಹೊರಟವರು ಮಾತ್ರ ದೊಡ್ಡ ಬೆಲೆ ತೆರುತ್ತಾರೆ.

ಕರಾವಳಿಯ ಒಂದು ಕುಟುಂಬದ ಸಂಗತಿಯನ್ನು ಹೇಳುತ್ತೇನೆ. ಮಗನನ್ನು ಇಲ್ಲಿಗೆ ಕಳುಹಿಸಲು ಏಜೆಂಟನೊಬ್ಬ ಎರಡು ಲಕ್ಷ ರೂಪಾಯಿ ಕೇಳಿದ್ದ. ತಾಯಿ ಬಳೆಗಳನ್ನು ಅಡವಿಟ್ಟರು. ಮನೆಮಂದಿಯೆಲ್ಲ ಉಪವಾಸ ಪ್ರಾರ್ಥನೆಗೆ ಕುಳಿತರು. ಉಪವಾಸ ಮುಗಿದ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ವೀಸಾ ಪ್ರತಿ ಬಂತು. ದೇವರೇ ಬಾಗಿಲು ತೆರೆದರೆಂದು ಎಲ್ಲರೂ ಕೊಂಡಾಡಿದರು. ಆ ಕಾಗದವನ್ನು ಓದಿ ನೋಡುವುದು ಅವಿಶ್ವಾಸವಾದೀತೆಂಬ ಅಳುಕಿನಿಂದಲೋ ಏನೋ, ಯಾರೂ ಓದಲಿಲ್ಲ. ಅದು ಭೇಟಿ ವೀಸಾ. ಅದರ ಮೇಲೆ ಇಲ್ಲಿ ದುಡಿಯುವುದು ಕಾನೂನುಬಾಹಿರ. ಎರಡು ತಿಂಗಳಲ್ಲಿ ಹುಡುಗ ಬರಿಗೈಯಲ್ಲಿ ಮರಳಿದ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ಅವನನ್ನು ನೋಯಿಸಿದ್ದು ಊರಿನವರ ಒಂದು ಮಾತು: 'ನಿನ್ನ ವಿಶ್ವಾಸ ಸಾಲದೆ ಹೋಯಿತು.'

ನನ್ನ ಅಭಿಪ್ರಾಯದಲ್ಲಿ ಅಲ್ಲಿ ಕೊರತೆಯಾದದ್ದು ವಿಶ್ವಾಸವಲ್ಲ. ಸತ್ಯವೇದದಲ್ಲಿ ಪ್ರಾರ್ಥನೆಗೆ ಇರುವ ಪೂರ್ಣ ಅರ್ಥದ ಅರ್ಧವನ್ನಷ್ಟೇ ನಾವು ನಮ್ಮ ಮಕ್ಕಳಿಗೆ ಕಲಿಸಿದ್ದೇವೆ.

ಮೊದಲು ಉದ್ದೇಶದ ಮಾತು. ಯೆರಿಕೋವಿನ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಅವನಿಗೆ ಏನು ಬೇಕೆಂಬುದು ನೆರೆದವರಿಗೆಲ್ಲ ಕಾಣುವಂತಿತ್ತು. ಆದರೂ ತನ್ನಿಂದ ಏನನ್ನು ಬಯಸುತ್ತೀಯೆಂದು ಯೇಸು ಸ್ವಾಮಿ ಅವನನ್ನು ಕೇಳಿದರು. ಅವನು ಕಾಸು ಕೇಳಲಿಲ್ಲ, ಕಣ್ಣು ಕೇಳಿದ. ದಿನದ ಗಂಜಿಗೂ ಬದುಕಿನ ನಿಜವಾದ ಅಗತ್ಯಕ್ಕೂ ಇರುವ ಅಂತರ ಅವನಿಗೆ ತಿಳಿದಿತ್ತು. ವಿದೇಶಕ್ಕೆ ಹೊರಡಬಯಸುವವರೂ ಇದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕು. 'ದುಬೈ ಸಿಗಲಿ' ಎಂಬುದು ಉದ್ದೇಶವಲ್ಲ, ಅದೊಂದು ದಾರಿ ಮಾತ್ರ. 'ಮನೆಯ ಸಾಲ ತೀರಲಿ', 'ತಂಗಿಯ ನರ್ಸಿಂಗ್ ಓದು ನಿಲ್ಲದಿರಲಿ' ಎಂಬುದು ಉದ್ದೇಶ. ದಾರಿಯನ್ನೇ ಉದ್ದೇಶವೆಂದು ತಿಳಿದವನಿಗೆ ವೀಸಾ ನಿರಾಕರಣೆಯೆಂದರೆ ದೇವರೇ ಮುಖ ತಿರುಗಿಸಿದಂತೆ. ಉದ್ದೇಶವನ್ನು ಅರಿತವನಿಗೆ ಉತ್ತರವು ಬೆಂಗಳೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ದೊರೆತೀತು. ಅದನ್ನು ಉತ್ತರವೆಂದು ಗುರುತಿಸುವ ಕಣ್ಣೂ ಅವನಿಗಿರುತ್ತದೆ.

ವಲಸಿಗರಿಗೆ ನೆಹೆಮೀಯನಿಗಿಂತ ಒಳ್ಳೆಯ ಗುರು ಸಿಗಲಾರ. ಅವನೂ ನಮ್ಮಂತೆ ಪರದೇಶದಲ್ಲಿ ಉದ್ಯೋಗಿ. ಪಾರಸಿಯ ಅರಸ ಅರ್ತಷಸ್ತನ ಶೂಷನ್ ಅರಮನೆಯಲ್ಲಿ ಪಾನಸೇವಕ. ಯೆರೂಸಲೇಮಿನ ಗೋಡೆ ಕೆಡವಲ್ಪಟ್ಟಿದೆಯೆಂಬ ಸುದ್ದಿ ಊರಿನಿಂದ ಬಂದಾಗ ಅವನು ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಸುದ್ದಿ ತಲುಪಿದ್ದು ಕಿಸ್ಲೇವ್ ಮಾಸದಲ್ಲಿ. ಅರಸನ ಮುಂದೆ ಮಾತೆತ್ತಲು ಅವಕಾಶ ಸಿಕ್ಕಿದ್ದು ನೀಸಾನ್ ಮಾಸದಲ್ಲಿ. ಅಂದರೆ ಸುಮಾರು ನಾಲ್ಕು ತಿಂಗಳ ಕಾಯುವಿಕೆ. ಆ ತಿಂಗಳುಗಳಲ್ಲಿ ಅವನು ಕೈಕಟ್ಟಿ ಕುಳಿತಿರಲಿಲ್ಲವೆಂಬುದು ಅವನ ಉತ್ತರದಿಂದಲೇ ತಿಳಿಯುತ್ತದೆ. ಏನು ಬೇಕೆಂದು ಅರಸ ಕೇಳಿದೊಡನೆ ಮನಸ್ಸಿನಲ್ಲಿಯೇ ದೇವರನ್ನು ಪ್ರಾರ್ಥಿಸಿ, ಅವನು ತನ್ನ ಬೇಡಿಕೆಗಳನ್ನು ಒಂದೊಂದಾಗಿ ಮುಂದಿಟ್ಟ: ಎಷ್ಟು ಕಾಲದ ರಜೆ, ನದಿಯಾಚೆಯ ಅಧಿಪತಿಗಳು ತನ್ನನ್ನು ಹಾದುಹೋಗಗೊಡುವಂತೆ ಪತ್ರಗಳು, ಮರಮುಟ್ಟು ಕೊಡುವಂತೆ ಅರಣ್ಯಾಧಿಕಾರಿ ಆಸಾಫನಿಗೆ ಮತ್ತೊಂದು ಪತ್ರ. ಇಂದಿನ ಮಾತಿನಲ್ಲಿ ಹೇಳುವುದಾದರೆ ರಜೆಯ ಮಂಜೂರಾತಿ ಪಡೆದ, ಪ್ರಯಾಣದ ಪರವಾನಗಿ, ಸಾಮಗ್ರಿಯ ಆದೇಶ ಎರಡನ್ನೂ ಬರವಣಿಗೆಯಲ್ಲಿಯೇ ಪಡೆದ. ಮುಂದೆ ವೈರಿಗಳು ಬೆದರಿಸಿದಾಗ ಪ್ರಾರ್ಥನೆಯನ್ನೂ ಮಾಡಿದ, ಹಗಲಿರುಳು ಕಾವಲನ್ನೂ ಇಟ್ಟ. ಗೋಡೆ 52 ದಿನಗಳಲ್ಲಿ ಎದ್ದುನಿಂತಿತು. ಕಾವಲಿಟ್ಟದ್ದು ಅವಿಶ್ವಾಸವೆಂದು ಯಾವ ಸಭಾಪಾಲಕರೂ ಇಂದಿನವರೆಗೆ ಹೇಳಿಲ್ಲ.

ಹಾಗಿದ್ದ ಮೇಲೆ ಉದ್ಯೋಗ ಒಪ್ಪಂದವನ್ನು ಓದುವುದು ಏಕೆ ಅವಿಶ್ವಾಸವಾಗಬೇಕು? ಏಜೆಂಟನಿಗೆ ಕೇಂದ್ರ ಸರ್ಕಾರದ ಪರವಾನಗಿ ಇದೆಯೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅಂಥ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯಿದೆ. ನೇಮಕಾತಿಯ ವೆಚ್ಚವನ್ನು ಕೆಲಸಗಾರನಿಂದ ವಸೂಲಿ ಮಾಡಬಾರದೆಂದು 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯುಎಇ ಕಾರ್ಮಿಕ ಕಾನೂನು ಮಾಲೀಕರಿಗೆ ಹೇಳುತ್ತದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಉದ್ಯೋಗಕ್ಕಾಗಿ ಕೊಲ್ಲಿ ದೇಶಗಳಿಗೆ ಹೊರಡುವ ಮೊದಲು ವಲಸೆ ಅನುಮತಿ ಪಡೆಯಬೇಕು. ಮೊಣಕಾಲೂರಿ ಪ್ರಾರ್ಥಿಸಿದ ಬಳಿಕ ಎದ್ದು ಇವಿಷ್ಟನ್ನು ಪರಿಶೀಲಿಸಿದರೆ ಪ್ರಾರ್ಥನೆಗೆ ಕುಂದಿಲ್ಲ. ಇವು ನಮ್ಮ ಕಾಲದ ಕಾವಲುಗಾರರು.

ಇನ್ನು ಧೈರ್ಯದ ಮಾತು. ಕೃಪಾಸನದ ಬಳಿಗೆ ಅಂಜದೆ ಬರುವಂತೆ ಇಬ್ರಿಯರಿಗೆ ಬರೆದ ಪತ್ರಿಕೆ ಕರೆಯುತ್ತದೆ. ಈ ಧೈರ್ಯವನ್ನು ಕೆಲವರು 'ಕೇಳಿದ್ದು ಸಿಕ್ಕೇ ಸಿಗುತ್ತದೆ' ಎಂಬ ಖಾತರಿಯಾಗಿ ಮಾರುತ್ತಿದ್ದಾರೆ. ವೀಸಾಕ್ಕೊಂದು ವಿಶೇಷ ಪ್ರಾರ್ಥನೆ, ಅದಕ್ಕೊಂದು ಕಾಣಿಕೆ! ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಕಷ್ಟದ ಪಾತ್ರೆ ತಮ್ಮಿಂದ ತೊಲಗಲೆಂದು ಬೇಡಿದರು; ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿದರು; ಪಾತ್ರೆ ತೊಲಗಲಿಲ್ಲ. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಪೌಲ ಮೂರು ಸಲ ಬೇಡಿದ. ಮುಳ್ಳು ಉಳಿಯಿತು, ಕೃಪೆ ದೊರೆಯಿತು. ಇವರ ವಿಶ್ವಾಸ ಸಾಲದೆ ಹೋಯಿತೆಂದು ಹೇಳುವ ಎದೆ ಯಾರಿಗಿದೆ? ತಂದೆಯ ಬಳಿ ಮಗು ಅಂಜದೆ ಕೇಳುವುದು ಕೇಳಿದ್ದೆಲ್ಲ ಸಿಗುವುದೆಂದಲ್ಲ, ಕೇಳಿದ್ದಕ್ಕೆ ಬಾಗಿಲು ಮುಚ್ಚುವುದಿಲ್ಲವೆಂದು. ಕ್ರೈಸ್ತನ ಧೈರ್ಯವೂ ಆಲಿಸುವಾತನನ್ನು ನೆಚ್ಚಿದ್ದು, ಫಲಿತಾಂಶವನ್ನಲ್ಲ.

ಊರಿನಲ್ಲಿರುವ ಬಂಧುಗಳಿಗೂ ಒಂದು ಮಾತು. ಬಾಬೆಲಿಗೆ ಸೆರೆಹೋದ ಯೆಹೂದ್ಯರೆಲ್ಲರೂ ಎರಡೇ ವರ್ಷಗಳಲ್ಲಿ ಮರಳುವರೆಂದು ಹನನ್ಯನೆಂಬ ಪ್ರವಾದಿ ಭರವಸೆ ಕೊಟ್ಟಿದ್ದ. ನಮ್ಮಲ್ಲಿಯೂ 'ಎರಡೇ ವರ್ಷ' ಎಂದು ಹೇಳಿ ವಿಮಾನ ಹತ್ತದವರು ಕಡಿಮೆ. ಯೆರೆಮೀಯ ಮಾತ್ರ ಸೆರೆಯವರಿಗೆ ಪತ್ರ ಬರೆದು, ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿರಿ ಎಂಬರ್ಥದ ಬುದ್ಧಿವಾದ ಹೇಳಿದ. ದುಬೈನ ಊದ್ ಮೇಥಾದಲ್ಲಿ ಸೇಂಟ್ ಮೇರೀಸ್ ಮತ್ತು ಹೋಲಿ ಟ್ರಿನಿಟಿ ಚರ್ಚ್‌ಗಳು ಅಕ್ಕಪಕ್ಕದಲ್ಲಿವೆ. ಹಲವು ದೇಶಗಳವರು ತಮ್ಮತಮ್ಮ ಭಾಷೆಗಳಲ್ಲಿ ಅಲ್ಲಿ ಆರಾಧಿಸುತ್ತಾರೆ. 2022ರ ಆರಂಭದಲ್ಲಿ ವಾರದ ರಜೆ ಬದಲಾಗುವವರೆಗೆ ಶುಕ್ರವಾರವೇ ನಮಗೆ ಆರಾಧನೆಯ ದಿನವಾಗಿತ್ತು. ನಮ್ಮ ಪುಟ್ಟ ಕನ್ನಡ ಕೂಟದಲ್ಲಿ ನಮಗೆ ಅನ್ನ ಕೊಟ್ಟ ಈ ನಗರಕ್ಕಾಗಿ, ಇಲ್ಲಿನ ಆಡಳಿತಗಾರರಿಗಾಗಿ ಪ್ರಾರ್ಥಿಸುತ್ತೇವೆ. ನೀವೂ ಹಾಗೆ ಮಾಡಿರಿ. ಮಗನ ಸಂಬಳ ಹೆಚ್ಚಲೆಂದಷ್ಟೇ ಬೇಡದೆ, ಅವನಿಗೆ ಒಳ್ಳೆಯ ಸಹವಾಸ ಸಿಗಲಿ, ಬೇಸಗೆಯ ಬಿಸಿಲಿನಲ್ಲಿ ಆರೋಗ್ಯ ಕೆಡದಿರಲಿ, ಕಷ್ಟ ಬಂದಾಗ ಅದನ್ನು ಮನೆಗೆ ಹೇಳುವ ಮನಸ್ಸು ಬರಲಿ ಎಂದು ಬೇಡಿರಿ. ಅವನು ಸೋತು ಮರಳಿದರೆ ವಿಶ್ವಾಸದ ಅಳತೆಗೋಲು ಹಿಡಿಯಬೇಡಿರಿ; ಬಾಗಿಲು ತೆರೆಯಿರಿ, ಊಟ ಬಡಿಸಿರಿ. ಪರದೇಶದಿಂದ ಬರಿಗೈಯಲ್ಲಿ ಬಂದ ಮಗನನ್ನು ಎದುರುಗೊಳ್ಳಲು ಓಡಿದ ತಂದೆಯ ಸಾಮ್ಯವನ್ನು ಕೇಳಿ ಬೆಳೆದವರು ನಾವು.